ಅಜ್ಜಿ ನೆನಪು

ಇವತ್ತು ಯಾಕೋ ಅಜ್ಜಿ ತುಂಬಾ ನೆನಪಾಗುತ್ತಿದ್ದಾಳೆ.

ತಾತ ಬೇಗ ಹೋಗಿಬಿಟ್ಟರು. ಅಪ್ಪ ಆಗಿನ್ನೂ ಶಾಲೆಗೆ ಹೋಗುವ ಹುಡುಗ, ಚಿಕ್ಕಪ್ಪ ಮತ್ತು ಅತ್ತೆ ಇನ್ನೂ ಚಿಕ್ಕವರು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮಕ್ಕಳ ಶಾಲೆ ಮಾತ್ರ ಬಿಡಿಸಲಿಲ್ಲ. ರಾತ್ರಿ ಅವರು ಓದುವಾಗ ಹೊಲಿಗೆ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳಂತೆ. ಜೋರಾಗಿ ಓದಿ ಎನ್ನುತ್ತಿದ್ದಳಂತೆ. ಕೇಳಿ ಕೇಳಿಯೇ ಅವಳಿಗೆ ಮಗ್ಗಿ ಪೂರ್ತಿ ಬಾಯಿಪಾಠ ಆಗಿತ್ತು. ಮುಂದೆ ಮೊಮ್ಮಕ್ಕಳ ಮಗ್ಗಿ ತಿದ್ದುತ್ತಿದ್ದವಳೂ ಅವಳೇ!

ಅವಳ ಪ್ರೀತಿಯಲ್ಲಿ ಮಾತು ಕಮ್ಮಿ. ಯಾರ ಮುಖ ಸಪ್ಪಗಿದ್ದರೂ ಮೊದಲು ಗೊತ್ತಾಗುತ್ತಿದ್ದುದು ಅವಳಿಗೆ. ಏನಾಯ್ತು ಅಂತ ಕೇಳುತ್ತಿರಲಿಲ್ಲ. ಸುಮ್ನೆ ಪಕ್ಕ ಬಂದು ಕೂತು ತಲೆ ಸವರುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಾವೇ ಎಲ್ಲ ಹೇಳಿಬಿಡುತ್ತಿದ್ದೆವು. ಅಪ್ಪ, ಚಿಕ್ಕಪ್ಪ ಮಾತು ಬಿಟ್ಟಾಗಲೂ ಅಷ್ಟೇ. ಇವನ ಮಾತನ್ನು ಅವನಿಗೆ ಮುಟ್ಟಿಸಲಿಲ್ಲ, ಯಾರ ಪರವೂ ವಹಿಸಲಿಲ್ಲ. ಇಬ್ಬರ ಹತ್ತಿರವೂ ಕೂತಳು. ಅವಳಿದ್ದಷ್ಟು ದಿನ ಮನೆ ಒಡೆಯಲಿಲ್ಲ.

ಮನೆಯವರಿಗಾಗಿಯೇ ಬದುಕಿದಳು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಅವಳಿಗೆ ತನ್ನದೇ ಖುಷಿಗಳೂ ಇದ್ದವು. ರೇಡಿಯೋದಲ್ಲಿ ಹಳೆಯ ಹಾಡು ಬಂದರೆ ಕೈಕೆಲಸ ಬಿಟ್ಟು ಕೇಳುತ್ತಿದ್ದಳು. ಜೊತೆಗೆ ಹಾಡುತ್ತಿದ್ದಳು. ಎಂಥಾ ಕಂಠ ಗೊತ್ತಾ! ಹಾಡುವಾಗ ಅವಳು ಯಾರ ಅಮ್ಮನೂ ಅಲ್ಲ, ಯಾರ ಅಜ್ಜಿಯೂ ಅಲ್ಲ, ಬರೀ ಒಬ್ಬ ಹುಡುಗಿ ಅನ್ನಿಸುತ್ತಿತ್ತು. ಅವಳು ಪಟ್ಟ ಕಷ್ಟವನ್ನೇ ಜಾಸ್ತಿ ಹೇಳುತ್ತೇವೆ, ಇದನ್ನೂ ಹೇಳಬೇಕು ಅಲ್ವಾ?

ಅವಳನ್ನು ನೋಡದ ನನ್ನ ಮಗಳಿಗೆ ಮೊದಲು ಆ ಹಾಡಿನ ವಿಷಯವನ್ನೇ ಹೇಳಿದ್ದೇನೆ. ಉಳಿದಿದ್ದು ನಿಧಾನಕ್ಕೆ ಹೇಳುತ್ತೇನೆ.