‘ಪಟ್ಟಿ’ಯನ್ನು ನೆಹರು ಗಂಜಿಗೆ ತಲುಪಿಸುವ ದಾರಿ

ತೊಗರಿ ಮಾರಿದ ರೈತನ ಕೈಗೆ, ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಡತ್ ಅಂಗಡಿಯವರು ಕೊಡುವ ಚೀಟಿಗೆ ನಮ್ಮಲ್ಲಿ ಪಟ್ಟಿ ಎನ್ನುತ್ತಾರೆ. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿಗೆ ಹೋದದ್ದೆಷ್ಟು, ಕೈಗೆ ಬಂದದ್ದೆಷ್ಟು. ಮಳೆಗಾಲದಿಂದ ರಾತ್ರಿ ಹೊತ್ತು ಕುಳಿತು ಬರೆದ ನನ್ನ ಆ್ಯಪಿಗೂ ಅದೇ ಹೆಸರು ಇಟ್ಟಿದ್ದೇನೆ. ಲೆಕ್ಕದ ಭಾಗ ದೀಪಾವಳಿಯ ಹೊತ್ತಿಗೆ ಮುಗಿದಿತ್ತು. ಅಲ್ಲಿಂದ ಈಚಿನ ದಿನಗಳೆಲ್ಲ ಒಂದೇ ಪ್ರಶ್ನೆಗೆ ಹೋಗಿವೆ: ಇದು ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನ ಮೊಬೈಲುಗಳನ್ನು ಸೇರುವುದು ಹೇಗೆ? ಡಿಸೆಂಬರಿನಲ್ಲಿ ಹೊಸ ತೊಗರಿಯ ಆವಕ ಶುರುವಾಗುತ್ತದೆ. ಆ ಸುಗ್ಗಿ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಮೊದಲು ಹಿಡಿದದ್ದು ವಾಟ್ಸಾಪಿನ ದಾರಿ. ಆ್ಯಪನ್ನು ನೇರವಾಗಿ ಫೋನಿಗೆ ಹಾಕಿಕೊಳ್ಳಬಹುದಾದ ಎಪಿಕೆ ಕಡತವನ್ನು ಸೋದರಮಾವನ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಿಗೆ ಕಳಿಸಿದೆ, ಅವರು ಪಕ್ಕದ ಅಂಗಡಿಗಳಿಗೆ ಕಳಿಸಿದರು. ಖರ್ಚಿಲ್ಲ, ಕಾಯುವುದಿಲ್ಲ. ಆದರೆ ಒಂದು ವಾರದಲ್ಲಿ ಗಂಜಿನಲ್ಲಿ ಮೂರು ಬೇರೆ ಬೇರೆ ಆವೃತ್ತಿಗಳು ಓಡಾಡತೊಡಗಿದವು. ಒಂದರಲ್ಲಿ ಹಮಾಲಿಯ ಪೈಸೆ ಮೇಲಕ್ಕೆ ಪೂರ್ಣಾಂಕವಾಗುತ್ತಿತ್ತು, ಇನ್ನೊಂದರಲ್ಲಿ ಕೆಳಕ್ಕೆ. ಹೀಗೆ ಹೋದ ಆ್ಯಪ್ ತಾನಾಗಿ ನವೀಕರಣವಾಗುವುದಿಲ್ಲ, ಪ್ರತಿ ತಿದ್ದುಪಡಿಯನ್ನೂ ಮತ್ತೆ ಮತ್ತೆ ಕಳಿಸಬೇಕು. ಒಬ್ಬ ಹಿರಿಯ ವ್ಯಾಪಾರಿ ಕಡತವನ್ನು ತೆರೆಯಲೇ ಇಲ್ಲ. ಮದುವೆ ಕರೆಯೋಲೆಯ ಹೆಸರಿನಲ್ಲಿ ಬಂದ ಎಪಿಕೆ ಒತ್ತಿ ಜನ ಹಣ ಕಳೆದುಕೊಂಡ ಸುದ್ದಿಯನ್ನು ಅವರು ಓದಿದ್ದರು. ಅವರು ಮಾಡಿದ್ದು ಸರಿ. ಆ ಎಚ್ಚರಿಕೆಯನ್ನು ನನ್ನ ಆ್ಯಪಿಗಾಗಿ ಬಿಡಿ ಎಂದು ಕೇಳುವ ಹಕ್ಕು ನನಗಿಲ್ಲ.

ಹಾಗಾಗಿ ಗೂಗಲ್ ಪ್ಲೇಗೆ ಹೋದೆ. ನೋಂದಣಿಗೆ ಒಂದೇ ಬಾರಿ 25 ಡಾಲರ್. ದೊಡ್ಡ ಕೆಲಸ ಅದರ ಮುಂದಿನದು. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆ್ಯಪ್ ಎಲ್ಲರಿಗೂ ಬಿಡುಗಡೆಯಾಗುವ ಮೊದಲು ಕನಿಷ್ಠ 12 ಜನ ಸತತ 14 ದಿನ, ಆಯ್ದ ಪರೀಕ್ಷಕರಷ್ಟೇ ಬಳಸಿ ನೋಡುವ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಇರಬೇಕು. ಶುರುವಿನಲ್ಲಿ ಈ ಸಂಖ್ಯೆ 20 ಇತ್ತು, ಆಮೇಲೆ ಇಳಿಸಿದರು. ಹನ್ನೆರಡು ಜನ ಸಿಗುವುದೇನು ಕಷ್ಟ ಎಂದುಕೊಂಡಿದ್ದೆ. ಜನ ಸಿಕ್ಕರು, ಅವರ ಜಿಮೇಲ್ ವಿಳಾಸ ಸಿಗಲಿಲ್ಲ. ಪರೀಕ್ಷಕರ ಪಟ್ಟಿಗೆ ಫೋನಿನಲ್ಲಿರುವ ಗೂಗಲ್ ಖಾತೆಯನ್ನೇ ಸೇರಿಸಬೇಕು. ಹಲವರ ಖಾತೆಯನ್ನು ಫೋನ್ ಮಾರಿದ ಅಂಗಡಿಯ ಹುಡುಗನೇ ಸೃಷ್ಟಿಸಿಕೊಟ್ಟಿದ್ದ. ಹೆಸರಿನ ಜೊತೆ ಏಳೆಂಟು ಅಂಕೆಗಳಿರುವ ಆ ವಿಳಾಸವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಎರಡು ಮಧ್ಯಾಹ್ನ ಅಂಗಡಿಯಿಂದ ಅಂಗಡಿಗೆ ನಡೆದು, ಪ್ರತಿ ಫೋನಿನ ಸೆಟ್ಟಿಂಗ್ಸ್ ತೆರೆದು, ವಿಳಾಸಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಎಲ್ಲರೂ ಚಹಾ ಕುಡಿಸಿದರು. ಆಳಂದದಿಂದ ಮಾಲು ತಂದಿದ್ದ ರೈತರೊಬ್ಬರು ತಾವೇ ಮುಂದೆ ಬಂದು ಹದಿಮೂರನೆಯವರಾದರು. ನಡುವೆ ಯಾರಾದರೂ ಹೊರಗೆ ಹೋದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಆ ಒಬ್ಬರು ನನಗೆ ಬಹಳ ದೊಡ್ಡ ಆಸರೆ.

ಆ ಓಡಾಟದ ಮೊದಲ ಮಧ್ಯಾಹ್ನವೇ ಒಂದು ತಪ್ಪು ಮಾಡಿದೆ.

ಮುನೀಮರ ಫೋನಿನಲ್ಲಿ ವಾಟ್ಸಾಪಿನಿಂದ ಬಂದ ಹಳೆಯ ‘ಪಟ್ಟಿ’ ಇತ್ತು. ಅದರ ಮೇಲೆ ಪ್ಲೇ ಆವೃತ್ತಿ ಕೂರಲಿಲ್ಲ. ಏನೋ ಸಣ್ಣ ತೊಡಕು ಎಂದುಕೊಂಡು ಹಳೆಯದನ್ನು ತೆಗೆದುಹಾಕಿ ಹೊಸದನ್ನು ಹಾಕಿದೆ. ತೆರೆದಾಗ ಖಾಲಿ. ಹತ್ತೊಂಬತ್ತು ದಿನಗಳ ನಮೂದುಗಳು ಹಳೆಯ ಆ್ಯಪಿನೊಂದಿಗೇ ಅಳಿಸಿಹೋಗಿದ್ದವು. ಮುನೀಮರು ಏನೂ ಅನ್ನಲಿಲ್ಲ, ಕೆಂಪು ಬಟ್ಟೆಯ ಹೊದಿಕೆಯ ಖಾತೆ ಪುಸ್ತಕವನ್ನು ನನ್ನ ಮುಂದೆ ಸರಿಸಿದರು. ಎರಡು ರಾತ್ರಿ ಕುಳಿತು ಅದರಿಂದ ಎಲ್ಲವನ್ನೂ ಮತ್ತೆ ತುಂಬಿಸಿದೆ.

ಕಾರಣ ಇದು. ಪ್ರತಿ ಆಂಡ್ರಾಯ್ಡ್ ಆ್ಯಪಿಗೂ ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ. ಗಂಜಿನಲ್ಲಿ ಚೀಲದ ಮೇಲೆ ಅಂಗಡಿಯ ಗುರುತು ಹಾಕುತ್ತಾರಲ್ಲ, ಹಾಗೆ. ಫೋನಿನಲ್ಲಿರುವ ಆ್ಯಪಿನ ಸಹಿಗೂ ಹೊಸದಾಗಿ ಬಂದದ್ದರ ಸಹಿಗೂ ಹೊಂದದಿದ್ದರೆ ಆಂಡ್ರಾಯ್ಡ್ ಅದನ್ನು ಒಳಗೆ ಬಿಡುವುದಿಲ್ಲ. ಈ ಸಹಿ ಹಾಕಲು ಬಳಸುವ ಗುಪ್ತ ಡಿಜಿಟಲ್ ಗುರುತಿಗೆ ಕೀಲಿ ಎನ್ನುತ್ತಾರೆ. ನಾನು ವಾಟ್ಸಾಪಿಗೆ ಕಳಿಸಿದ್ದಕ್ಕೆ ನನ್ನ ಕೀಲಿಯ ಸಹಿ. ಪ್ಲೇಗೆ ಆ್ಯಪನ್ನು ಏರಿಸುವ ಕಡತವಾದ ಆ್ಯಪ್ ಬಂಡಲ್ ಕೊಟ್ಟರೆ ಗೂಗಲ್ ತನ್ನಲ್ಲಿಟ್ಟುಕೊಂಡ ಕೀಲಿಯಿಂದ ಸಹಿ ಹಾಕಿ ಹಂಚುತ್ತದೆ. ಖಾತೆಯಲ್ಲಿ ಆ್ಯಪ್ ಸೃಷ್ಟಿಸುವಾಗಲೇ ನನ್ನ ಕೀಲಿಯನ್ನು ಅಲ್ಲಿಗೆ ಏರಿಸುವ ಅವಕಾಶವಿತ್ತು. ಮುಂದೆ, ಮುಂದೆ ಎಂದು ಒತ್ತುತ್ತಾ ಆ ಪುಟವನ್ನು ದಾಟಿಬಿಟ್ಟಿದ್ದೆ. ಒಂದಕ್ಕಿಂತ ಹೆಚ್ಚು ಕಡೆ ಆ್ಯಪ್ ಹಂಚುವ ಯೋಚನೆ ಇರುವವರು ಮೊದಲ ದಿನವೇ ತೀರ್ಮಾನಿಸಬೇಕಾದದ್ದು ಈ ಕೀಲಿಯ ವಿಷಯ. ಶುಲ್ಕ, ಕಮಿಷನ್‌ಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಈಗ ಹೀಗೆ ಮಾಡಿದ್ದೇನೆ. ಹಳೆಯ ಸಹಿಯಲ್ಲೇ ಕೊನೆಯದೊಂದು ಆವೃತ್ತಿ ತಯಾರಿಸಿ, ನಮೂದುಗಳನ್ನೆಲ್ಲ ಡೌನ್‌ಲೋಡ್ಸ್ ಫೋಲ್ಡರಿಗೆ ಒಂದೇ ಕಡತವಾಗಿ ಉಳಿಸುವ ಗುಂಡಿ ಕೊಟ್ಟೆ. ಆ್ಯಪ್ ತೆಗೆದರೂ ಆ ಕಡತ ಅಳಿಯುವುದಿಲ್ಲ, ಪ್ಲೇ ಆವೃತ್ತಿ ಅದನ್ನು ಓದಿಕೊಳ್ಳುತ್ತದೆ. ಇನ್ನು ಮುಂದೆ ಹೊರಗೆ ಹಂಚುವುದಕ್ಕೂ ಆ್ಯಪ್ ತಯಾರಕರ ಪುಟವಾದ ಪ್ಲೇ ಕನ್ಸೋಲಿನಿಂದ ಇಳಿಸಿಕೊಂಡ, ಗೂಗಲ್ ಸಹಿಯಿರುವ ಎಪಿಕೆಯನ್ನೇ ಬಳಸುತ್ತೇನೆ. ಎಲ್ಲಿಂದ ಬಂದರೂ ಗುರುತು ಒಂದೇ ಇರುತ್ತದೆ.

ಫೋನ್‌ಪೇಯವರು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಇಂಡಸ್ ಆ್ಯಪ್‌ಸ್ಟೋರಿಗೂ ಅದೇ ಎಪಿಕೆ ಹೋಗಲಿದೆ. ಅಲ್ಲಿ 12 ಭಾರತೀಯ ಭಾಷೆಗಳಿವೆ. ‘ತೊಗರಿ ಲೆಕ್ಕ’ ಎಂದು ಕನ್ನಡದಲ್ಲೇ ಹುಡುಕುವವರಿಗೆ ಕನ್ನಡದಲ್ಲೇ ವಿವರಣೆ ಸಿಗಬೇಕು ಎಂಬುದು ನನ್ನ ಬಹುದಿನದ ಆಸೆ. ಪ್ಲೇನಲ್ಲೂ ಕನ್ನಡ ವಿವರಣೆಯನ್ನೇ ಮೊದಲು ಬರೆದೆ, ಇಂಗ್ಲಿಷನ್ನು ಆಮೇಲೆ. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರ ನನಗೆ ತುಂಬ ಇಷ್ಟವಾದ ಜಾಗ, ಆದರೆ ಅದು ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಗಳಿಗೆ ಮಾತ್ರ, ಗಂಜಿನಲ್ಲಿ ಅದನ್ನು ಬಳಸುವವರು ನನಗೆ ಸಿಕ್ಕಿಲ್ಲ. ಆ್ಯಪಲ್ ವರ್ಷಕ್ಕೆ 99 ಡಾಲರ್ ಕೇಳುತ್ತದೆ, ಸದ್ಯಕ್ಕೆ ಬೇಡ. ಅಂಗಡಿಗಳ ವಿಂಡೋಸ್ ಕಂಪ್ಯೂಟರಿಗೆ ಬೇಸಿಗೆಯಲ್ಲಿ ಕೈಹಾಕುತ್ತೇನೆ.

ದರ ಇಡುವ ಮಾತೂ ಬಂತು. ಪ್ಲೇನಲ್ಲಿ ವರ್ಷದ ಮೊದಲ 10 ಲಕ್ಷ ಡಾಲರ್ ಆದಾಯದವರೆಗೆ ಕಮಿಷನ್ ಶೇ 15. ಅದು ನನಗೆ ಭಾರವೆನಿಸಲಿಲ್ಲ. ಆದರೆ ವೈಯಕ್ತಿಕ ಖಾತೆಯಿಂದ ಹಣ ಪಡೆಯಲು ಹೊರಟರೆ ಮನೆಯ ಪೂರ್ಣ ವಿಳಾಸ ಎಲ್ಲರಿಗೂ ಕಾಣುತ್ತದೆ. ಅಮ್ಮ ಒಬ್ಬರೇ ಇರುವ ಮನೆ. ಈ ಸುಗ್ಗಿಗೆ ಉಚಿತವಾಗಿಯೇ ಇರಲಿ ಎಂದು ಬಿಟ್ಟೆ.

ಇಂದು ಪರೀಕ್ಷೆಯ ಒಂಬತ್ತನೆಯ ದಿನ. ಹದಿಮೂರೂ ಜನ ಒಳಗಿದ್ದಾರೆ. ಹಳೆಯ ಸಹಿಯ ‘ಪಟ್ಟಿ’ ಇನ್ನೂ ಐದು ಅಂಗಡಿಗಳಲ್ಲಿ ಉಳಿದಿದೆ. ನಾಳೆ ಬೆಳಿಗ್ಗೆ ಗಂಜಿನಲ್ಲಿ ಮಾಲಿಗೆ ದರ ಹಾಕುವ ಟೆಂಡರ್ ಶುರುವಾಗುವ ಮೊದಲು ಅವುಗಳಲ್ಲಿ ಮೂರು ಅಂಗಡಿಗಳಿಗೆ ಹೋಗಿಬರಬೇಕು. ಮುನೀಮರು ತಾವೂ ಜೊತೆಗೆ ಬರುತ್ತೇನೆ ಎಂದಿದ್ದಾರೆ.