ಬಣ್ಣಕ್ಕೆ ಮುಂಚೆ ಒಂದಷ್ಟು ಗೀಚಲಿ ಬಿಡಿ

ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಹನ್ನೊಂದರಿಂದ ಹದಿನಾರು ವರ್ಷದ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ಕೋಲಾರ, ಮಾಲೂರು ಕಡೆಯಿಂದ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ, "ಅಲ್ಲಿನ ಮಕ್ಕಳು ನಮ್ಮವರಿಗಿಂತ ಚೆನ್ನಾಗಿ ಬಿಡಿಸ್ತಾರಾ?" ಕೈಚಳಕದಲ್ಲಿ ನಮ್ಮ ಮಕ್ಕಳು ಏನೂ ಕಮ್ಮಿಯಿಲ್ಲ. ಆದರೆ ಬಣ್ಣ ಮುಟ್ಟುವ ಮುಂಚೆ ಇಲ್ಲಿ ನಡೆಯುವ ಕೆಲಸ ನಮ್ಮಲ್ಲಿ ಬಹಳ ಕಡೆ ನಡೆಯುವುದೇ ಇಲ್ಲ.

ಮೊದಲು ಬ್ರೈನ್‌ಸ್ಟಾರ್ಮಿಂಗ್. ಪುಟದ ನಡುವೆ ವಿಷಯ ಬರೆದು, ಸುತ್ತಲೂ ತಲೆಗೆ ಬಂದದ್ದನ್ನೆಲ್ಲ ಬರೆಯುತ್ತಾ ಹೋಗಬೇಕು. ಆ ಹೊತ್ತಿನಲ್ಲಿ ಯಾರೂ ಸರಿ ತಪ್ಪು ಹೇಳಬಾರದು, ಪಕ್ಕದವರು ನಗಲೂಬಾರದು. "ನೀರು" ಎಂದು ಕೊಟ್ಟರೆ ಮೊದಲು ಎಲ್ಲರಿಗೂ ಬರುವುದು ಮಳೆ, ಛತ್ರಿ, ಸಮುದ್ರ, ಮೀನು. ಆಮೇಲೆ ಪೆನ್ಸಿಲ್ ನಿಂತುಬಿಡುತ್ತದೆ. ನಾನು ಅಲ್ಲಿಗೆ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ನೀರು ಯಾವಾಗ ಸದ್ದು ಮಾಡುತ್ತದೆ? ಅದನ್ನು ಕಂಡರೆ ಯಾರಿಗೆ ಭಯ? ನೀರು ಆರಿದ ಮೇಲೆ ಏನು ಉಳಿಯುತ್ತದೆ? ಹೀಗೆ ಕೇಳುತ್ತಾ ಹೋದರೆ, ಅಜ್ಜಿಯ ಹಲ್ಲಿನ ಸೆಟ್ ನೆನೆಸಿಟ್ಟ ಲೋಟ, ಸೋರುವ ಮೂಲೆಗೆ ಇಟ್ಟ ಬಕೆಟ್, ಹೀಗೆ ಒಂದೊಂದೇ ಹೊರಗೆ ಬರುತ್ತವೆ. ಚಿತ್ರ ಅಲ್ಲಿಂದ ಶುರು.

ಆಗಸ್ಟ್ ರಜೆಗೆ ಊರಿಗೆ ಬಂದಾಗ ಕೋಲಾರದ ಹತ್ತಿರದ ಒಂದು ಶಾಲೆಯಲ್ಲಿ ಇದನ್ನೇ ಮಾಡಿಸಿದೆ. ಮೊದಲಿಗೆ ನಮಗೆಲ್ಲ ಗೊತ್ತಿರುವ ಆ ಚಿತ್ರವೇ: ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ನದಿ, ಗುಡಿಸಲು, ತೆಂಗಿನ ಮರ. ಕೋಲಾರದ ಮಕ್ಕಳಿಗೆ ಆ ತುಂಬಿ ಹರಿಯುವ ನದಿ ಎಲ್ಲಿಂದ ಬರಬೇಕು ಹೇಳಿ! ಪ್ರಶ್ನೆ ಕೇಳತೊಡಗಿದ ಮೇಲೆ ಟ್ಯಾಂಕರ್ ಬಂತು, ಸಾಲಾಗಿಟ್ಟ ಪ್ಲಾಸ್ಟಿಕ್ ಬಿಂದಿಗೆಗಳು ಬಂದವು, ಬೋರ್ ಕೊರೆಯುವ ಲಾರಿ ಎಬ್ಬಿಸುವ ಬಿಳಿ ಧೂಳೂ ಬಂತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ ಅಲ್ವಾ, ಅದರ ಮಾತೂ ಬಂತು. ಒಬ್ಬ ಹುಡುಗಿ ಎದ್ದು, "ಮಿಸ್, ಕೆರೆ ಒಣಗಿದ್ದಾಗ ನಮ್ಮಣ್ಣ ಅಲ್ಲೇ ಕ್ರಿಕೆಟ್ ಆಡ್ತಿದ್ದ. ಈಗ ಪಿಚ್ ನೀರೊಳಗಿದೆ. ಅದನ್ನ ಬಿಡಿಸ್ಲಾ?" ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಮಾತನ್ನು ಹಾಗೇ ಬೋರ್ಡಿನ ಮೇಲೆ ಬರೆದುಬಿಟ್ಟೆ.

ಆಮೇಲೆ ಥಂಬ್‌ನೇಲ್ ಸ್ಕೆಚ್. ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕ ಹಾಕಿಕೊಂಡು, ಒಂದೇ ವಿಷಯವನ್ನು ಬೇರೆ ಬೇರೆ ಥರ ಬೇಗ ಬೇಗ ಗೀಚುವುದು. ರಬ್ಬರ್ ಕೊಡುವುದಿಲ್ಲ. ರಬ್ಬರ್ ಕೈಯಲ್ಲಿದ್ದರೆ ಮಗು ಮೊದಲ ಚೌಕದಲ್ಲೇ ಮೂಗು ತಿದ್ದುತ್ತಾ ಕೂತುಬಿಡುತ್ತದೆ. ಆ ಹುಡುಗಿ ಕೆರೆಯನ್ನು ಏರಿಯ ಮೇಲಿಂದ ನೋಡಿದಂತೆ ಗೀಚಿದಳು, ದಡದಿಂದ ಗೀಚಿದಳು, ಕೊನೆಗೆ ನೀರಿನ ತಳದಿಂದ ಮೇಲೆ ನೋಡಿದಂತೆ ಗೀಚಿದಳು. ಆರಿಸಿಕೊಂಡದ್ದು ಆ ಕೊನೆಯದನ್ನೇ. ಮೊದಲ ಚೌಕಕ್ಕೇ ನಿಂತಿದ್ದರೆ ಅದು ಸಿಗುತ್ತಿರಲಿಲ್ಲ.

ದೊಡ್ಡವರೂ ಹೀಗೇ ಮಾಡಿದ್ದಾರೆ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಊರಿನ ಮೇಲೆ ಬಾಂಬ್ ಬಿತ್ತು. ಅದನ್ನೇ ಚಿತ್ರವಾಗಿಸಲು ಚಿತ್ರಕಾರ ಪಿಕಾಸೊ ಮೇ 1ರಂದು ಸ್ಕೆಚ್ ಶುರು ಮಾಡಿ, ಹತ್ತಾರು ಹಾಳೆಗಳಲ್ಲಿ ಕುದುರೆ, ಗೂಳಿ, ಅಳುವ ತಾಯಿಯನ್ನು ಮತ್ತೆ ಮತ್ತೆ ಬದಲಾಯಿಸುತ್ತಾ ಹೋದ. "ಗೆರ್ನಿಕಾ" ಎಂಬ ಆ ದೊಡ್ಡ ಕ್ಯಾನ್ವಾಸ್ ಮುಗಿದದ್ದು ಜೂನ್ ಮೊದಲ ವಾರದಲ್ಲಿ. ಅಷ್ಟು ದೂರ ಯಾಕೆ, ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೇ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಶಿಲ್ಪಿಗಳು ಉಳಿ ಇಡುವ ಮುಂಚೆ ತಾಳದ, ಅಂದರೆ ಮೂರ್ತಿಯ ಮುಖದ ಉದ್ದದ, ಲೆಕ್ಕದಲ್ಲಿ ಅಳತೆ ಹಾಕಿ ಕಲ್ಲಿನ ಮೇಲೆ ಗೆರೆ ಎಳೆಯುತ್ತಾರೆ. ಕಲ್ಲನ್ನು ಅಳಿಸಲು ಆಗುವುದಿಲ್ಲವಲ್ಲ.

ಇಲ್ಲಿ ಹದಿನಾರರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯ ಚಿತ್ರಕಲೆಯಲ್ಲಿ ಶೇ. 60 ಅಂಕ ಮಕ್ಕಳು ಕೂಡಿಟ್ಟ ಕೆಲಸಕ್ಕೆ, ಶೇ. 40 ಪರೀಕ್ಷಾ ಮಂಡಳಿ ಕೊಡುವ ವಿಷಯಕ್ಕೆ. ಎರಡರಲ್ಲೂ ಯೋಚನೆ ಹೇಗೆ ಬೆಳೆಯಿತು ಎಂಬುದಕ್ಕೇ ಬೇರೆ ಅಂಕವಿದೆ. ಹಾಗಾಗಿ ಗೀಚಿದ ಪುಟವನ್ನು ಯಾರೂ ಎಸೆಯುವುದಿಲ್ಲ.

ನಮ್ಮಲ್ಲಿ ಇದಕ್ಕೆ ಜಾಸ್ತಿ ಖರ್ಚೇನೂ ಇಲ್ಲ. ಗೆರೆಯಿಲ್ಲದ ಒಂದು ನೋಟ್‌ಬುಕ್ ಕೊಡಿಸಿ. ಅದರಲ್ಲಿ ಚಂದದ ಚಿತ್ರ ಹುಡುಕಬೇಡಿ, ನೆಂಟರಿಗೆ ತೋರಿಸು ಎನ್ನಬೇಡಿ, ಪುಟ ಹರಿಯಲೂ ಬಿಡಬೇಡಿ. ಡ್ರಾಯಿಂಗ್ ಮೇಷ್ಟ್ರು ಯಾರಾದರೂ ಓದುತ್ತಿದ್ದರೆ, ಒಂದು ಪೀರಿಯಡ್ "ನೀರು" ಕೊಟ್ಟು ನೋಡಿ ಸರ್. ಮಕ್ಕಳು ಏನು ಬರೆದರು ಎಂದು ತಿಳಿಯಲು ನನಗೂ ಆಸೆ.