ದೇವರ ಮೇಲೆ ಸಿಟ್ಟು ಬಂದರೆ ನಂಬಿಕೆ ಹೋದ ಹಾಗೇನಾ?

ನಾನು ಯೆಹೂದಿ ಧರ್ಮದ ಬಗ್ಗೆ ಓದುತ್ತೇನೆ ಅಂತ ತಿಳಿದವರು ತಪ್ಪದೆ ಕೇಳುವ ಪ್ರಶ್ನೆ ಇದು: "ನಾಜಿಗಳು ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದ ಮೇಲೂ ಇವರು ದೇವರನ್ನು ಹೇಗೆ ನಂಬುತ್ತಾರೆ? ಸಿಟ್ಟು ಬರುವುದಿಲ್ಲವಾ?"

ಬರುತ್ತದೆ. ಎಷ್ಟೋ ಜನ ನಂಬಿಕೆಯನ್ನೇ ಬಿಟ್ಟರು. ಅವರದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಉಳಿದವರೆಲ್ಲ ಸಿಟ್ಟನ್ನು ನುಂಗಿಕೊಂಡೇ ಉಳಿದರು ಅಂದುಕೊಳ್ಳಬೇಡಿ. ಆ ಸಿಟ್ಟಿಗೆ ಅವರ ಧರ್ಮದೊಳಗೇ ಬಹಳ ಹಿಂದಿನಿಂದ ಜಾಗವಿದೆ.

ಯೆಹೂದಿ ಹಿರಿಯರ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದಿನ ಯೋಮಾ ಭಾಗದಲ್ಲಿ ಒಂದು ಚರ್ಚೆ ಬರುತ್ತದೆ. ನಾನು ಮತ್ತೆ ಮತ್ತೆ ಹೋಗಿ ಓದುವುದು ಅದನ್ನೇ. ಯೆಹೂದಿಗಳಿಗೆ ಧರ್ಮಶಾಸ್ತ್ರ ಕೊಟ್ಟ ಮೋಶೆ ದೇವರನ್ನು 'ಮಹಾನ್, ಪರಾಕ್ರಮಿ, ಭಯಂಕರ' ಎಂದು ಕರೆದಿದ್ದ. ಪ್ರವಾದಿ ಯೆರೆಮೀಯನ ಕಾಲಕ್ಕೆ ಪರದೇಶದವರು ಜೆರುಸಲೇಮಿನ ದೇವಾಲಯದೊಳಗೇ ನುಗ್ಗಿ ಅರಚಾಡುತ್ತಿದ್ದರು. "ಇವನ ಭಯ ಯಾರಿಗಿದೆ?" ಎಂದ ಯೆರೆಮೀಯ, ಪ್ರಾರ್ಥಿಸುವಾಗ 'ಭಯಂಕರ' ಎನ್ನುವುದನ್ನು ಬಿಟ್ಟುಬಿಟ್ಟ. ತನ್ನ ಜನ ಪರರ ಊಳಿಗದಲ್ಲಿರುವುದನ್ನು ಕಂಡ ದಾನಿಯೇಲ 'ಪರಾಕ್ರಮಿ'ಯನ್ನು ಬಿಟ್ಟ. ಮೋಶೆ ಹೇಳಿಕೊಟ್ಟ ಮಾತನ್ನೇ ಕೈಬಿಡುವಷ್ಟು ಧೈರ್ಯ ಇವರಿಗೆ ಎಲ್ಲಿಂದ ಬಂತು? ರಬ್ಬಿ (ಯೆಹೂದಿ ಧರ್ಮಗುರು) ಎಲಾಜಾರ್ ಕೊಡುವ ಉತ್ತರ: ದೇವರು ಸತ್ಯವಂತ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಅವನ ವಿಷಯದಲ್ಲಿ ಸುಳ್ಳಾಡಲಿಲ್ಲ.

ಆಮೇಲಿನ ಹಿರಿಯರು ಆ ಪದಗಳಿಗೆ ಬೇರೆ ಅರ್ಥ ಕಂಡುಕೊಂಡು ಮರಳಿ ಸೇರಿಸಿದರು. ಇವತ್ತಿಗೂ ದಿನಕ್ಕೆ ಮೂರು ಸಲ ಆ ಮೂರನ್ನೂ ಹೇಳುತ್ತಾರೆ. ಬಿಟ್ಟವರ ಕಥೆಯನ್ನು ಮಾತ್ರ ಯಾರೂ ಅಳಿಸಲಿಲ್ಲ.

ನಮ್ಮ ದಾಸರ ನಿಂದಾಸ್ತುತಿಯ ಹಾಗೇ ಅಲ್ಲವಾ ಅಂತ ಕೆಲವರು ಕೇಳುತ್ತಾರೆ. ನೆಂಟಸ್ತನ ಇದೆ. ಆದರೆ ನಿಂದಾಸ್ತುತಿಯ ಬೈಗುಳದೊಳಗೆ ಹೊಗಳಿಕೆ ಅಡಗಿರುತ್ತದೆ. ಹತ್ತು ಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಕೆರೆದುಕೊಳ್ಳುವ ಬೈಬಲಿನ ಯೋಬನದು ಬರೀ ನಿಂದೆ. "ನೀನೇನೋ ಪಾಪ ಮಾಡಿರಬೇಕು" ಎಂದು ದೇವರ ಪರ ವಕಾಲತ್ತು ವಹಿಸಿದ ಗೆಳೆಯರ ಮೇಲೆಯೇ ಕೊನೆಗೆ ದೇವರು ಸಿಟ್ಟಾಗುತ್ತಾನೆ: ನನ್ನ ವಿಷಯದಲ್ಲಿ ಯೋಬನಂತೆ ನೀವು ಸರಿಯಾಗಿ ಮಾತನಾಡಲಿಲ್ಲ.

ಆ ಗೆಳೆಯರು ಮೊದಲ ಏಳು ದಿನ ಯೋಬನ ಪಕ್ಕ ಸುಮ್ಮನೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂತ ನನಗನ್ನಿಸುತ್ತದೆ. ಸಾವಿನ ಮನೆಗೆ ಹೋದವರು, ದುಃಖದಲ್ಲಿರುವವರು ತಾವಾಗಿ ಬಾಯಿ ತೆರೆಯುವವರೆಗೆ ಮಾತನಾಡಬಾರದು ಎಂಬ ಯೆಹೂದಿ ನಿಯಮದ ಬೇರು ಅಲ್ಲೇ ಇದೆ. ಇನ್ನೊಂದು ನಿಯಮವೂ ಇದೆ: ಮಣ್ಣು ಮಾಡುವವರೆಗೆ ಸತ್ತವರ ತೀರಾ ಹತ್ತಿರದವರಿಗೆ ನಿತ್ಯದ ಪ್ರಾರ್ಥನೆಯಿಂದ ಬಿಡುವು. ಆ ಹೊತ್ತಿನಲ್ಲಿ ಅವರ ಬಾಯಿಂದ ಸ್ತುತಿ ಬರಲಿ ಅಂತ ಯಾರೂ ಕಾಯುವುದಿಲ್ಲ.

ಉಕ್ರೇನಿನ ಬೆರ್ದಿಚೇವ್ ಊರಿನ ರಬ್ಬಿ ಲೇವಿ ಇಟ್ಜಾಕ್ 1809ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಉಳಿದು ಬಂದಿರುವ ಪ್ರಾರ್ಥನೆಯೊಂದರಲ್ಲಿ ಅವರು ದೇವರ ಮೇಲೆ ದಾವೆಯನ್ನೇ ಹೂಡುತ್ತಾರೆ. ನಿನ್ನ ಜನರಿಂದ ನಿನಗೆ ಇನ್ನೇನು ಬೇಕು ಎಂದು ಕೇಳುತ್ತಾರೆ. ತಾಯ್ನಾಡಿನಿಂದ ದೂರವಾದ ಈ ವನವಾಸ ಮುಗಿಯುವವರೆಗೆ ನಿಂತಲ್ಲಿಂದ ಕದಲುವುದಿಲ್ಲ ಎನ್ನುತ್ತಾರೆ. ಹಾಗೆ ನಿಂತವರು ಅಲ್ಲಿಂದಲೇ ದೇವರ ಹೆಸರನ್ನು ಕೊಂಡಾಡುವ ಕದ್ದಿಷ್ ಪ್ರಾರ್ಥನೆ ಶುರು ಮಾಡುತ್ತಾರೆ: ಆತನ ಮಹಾನಾಮಕ್ಕೆ ಮಹಿಮೆಯಾಗಲಿ.